ಸಬಕಾರ ಡಬ್ಬಿಯಷ್ಟು ಕ್ಯಾಮೆರಾ

ಮೊನ್ನೆ ತುಳಸಿ ಲಗ್ನಕ್ಕ ಓಣ್ಯಾಗಿನವರೆಲ್ಲಾ ನಮ್ಮನಿಗೆ ಬಂದಿದ್ರಿ. ಕಬ್ಬು, ನೆಲ್ಲಿಕಾಯಿ ಟೊಂಗಿ ಕಟ್ಟಿ, ದೀಪಾ ಹಚ್ಚಿ, ಮಂಗಳಾರತಿ ಆದ ಮ್ಯಾಲೆ ನಾ ಪರ್ಸಿನಾಗಿಂದ ಕ್ಯಾಮೆರಾ ತಗದು ನಾಕು ಫೋಟೋ ಹೊಡದೆ. ಆಗ ಎದುರುಮನಿ ವೈನಿ ಕೇಳಿದ್ರು, "ಅಲ್ರೀ, ದೊಡ್ಡ ಎಸ್‌ಎಲ್‌ಆರ್ ಬರೋ ರೊಕ್ಕದಾಗ ಈ ಸಬಕಾರ ಡಬ್ಬಿ ಯಾಕ ತಂದ್ರಿ? ಯಾರರೆ ಟೊಪಗಿ ಹಾಕ್ಯಾರೇನು ನಿಮಗ?"

ಎಲ್ಲಾರೂ ನಕ್ಕರು, ನಾನೂ ನಕ್ಕೆ. ಒಂದು ಕೈಯಾಗ ಕೋಸಂಬ್ರಿ ಪಾತೇಲಿ, ಇನ್ನೊಂದು ಕೈಯಾಗ ಅರಿಷಿಣ ಕುಂಕುಮ. ಅಷ್ಟು ದೊಡ್ಡ ಉತ್ತರ ಹೇಳೋ ಹೊತ್ತು ಅದಲ್ಲ. ಅದಕ್ಕ ಈಗ ಮಧ್ಯಾಹ್ನದ ಭಾಂಡಿ ತಿಕ್ಕಿಟ್ಟು ಬರೀಲಿಕ್ಕೆ ಕೂತೇನಿ. ನಿಮ್ಮನ್ಯಾಗ ಯಾರರೆ ಕ್ಯಾಮೆರಾ ತೊಗೋಬೇಕು ಅನ್ನವರಿದ್ರ ಅವರಿಗೂ ಓದಿ ಹೇಳ್ರಿ.

ಇದೆಲ್ಲಾ ಶುರು ಆಗಿದ್ದು ನಮ್ಮ ಅವ್ವನ ಕಣ್ಣಿಂದ. ಅವ್ವಗ ಈಗ 82. ನರಗುಂದದ ಕಡೆ ಹಳ್ಳ್ಯಾಗ ತಮ್ಮನ ಜೋಡಿ ಇರ್ತಾಳ. ಹೋದ ಬ್ಯಾಸಗ್ಯಾಗ ಒಂದಿನ ಕರೆಂಟ್ ಇರಲಿಲ್ಲಂತ ಟ್ರೇಜರಿಯೊಳಗಿನ ಅಲ್ಬಮ್ ಎಲ್ಲಾ ತಗದು ನೋಡ್ಕೋತ ಕೂತಿದ್ದೆ. ನನ್ನ ಲಗ್ನ, ತಂಗಿ ಲಗ್ನ, ಮಗನ ಮುಂಜಿವಿ, ತಮ್ಮನ ಮಕ್ಕಳ ಜವಳ. ಎಲ್ಲಾ ಹುಡುಕಿದ್ರ ಅವ್ವ ಇದ್ದದ್ದು 11 ಫೋಟೋ. ಅದರಾಗ ಏಳರಾಗ ಕಣ್ಣು ಮುಚ್ಯಾಳ. ಉಳಿದ ನಾಕರಾಗ ಕಣ್ಣು ತಗದಾಳ, ಆದ್ರ ಡಾಕ್ಟರು "ಬಾಯಿ ತಗೀರಿ" ಅಂದಾಗ ಕೂತಿರ್ತೀವಲ್ಲಾ, ಹಂಗ ಕೂತಾಳ. ದಿನಾ ನಗೋ ಅವ್ವ, ಬೈಯೋ ಅವ್ವ, ಒಂದರಾಗೂ ಇರಲಿಲ್ಲ. ಅಲ್ಬಮ್ ಮುಚ್ಚಿಟ್ಟೆ. ಹೊಟ್ಟ್ಯಾಗ ಏನೋ ಒಂಥರಾ ಆತು. ಇನ್ನ ಎಷ್ಟು ದಿನಾ ಅಂತ ಬಾಯಿ ಬಿಟ್ಟು ಅನ್ನಲಿಕ್ಕೆ ಬರೂದಿಲ್ಲ, ಆದ್ರ ಮನಸ್ಸಿಗೆ ಬಂದೇ ಬರ್ತದ.

ನಮ್ಮ ಮೈದುನನವರ ಹತ್ರ ನಿಕಾನ್ ಡಿ3100 ಎಸ್‌ಎಲ್‌ಆರ್ ಅದ. ಪಾಪ, ಕೇಳಿದ ಕೂಡ್ಲೆ ಪ್ರೀತಿಲೆ ಕೊಟ್ರು. ಲೆನ್ಸ್ ಹಾಕಿ ಅಡಗಿಮನಿ ತಕ್ಕಡ್ಯಾಗ ಇಟ್ಟು ನೋಡಿದೆ, ಮುಕ್ಕಾಲು ಕಿಲೋದ ಮ್ಯಾಲೆ ಬಂತು. ಅದರ ಬ್ಯಾಗು, ಚಾರ್ಜರ್, ಅವ್ವಗ ಅಂತ ಚಟ್ನಿಪುಡಿ, ಮಾವಿನಹಣ್ಣು, ಎಲ್ಲಾ ಹೊತಗೊಂಡು ನವಲಗುಂದ ಮ್ಯಾಲಿಂದ ಬಸ್ಸಿನ್ಯಾಗ ಹೋದೆ. ದಾರಿ ಪೂರ್ತಿ ಬ್ಯಾಗು ತೊಡಿ ಮ್ಯಾಲೆ ಇಟಗೊಂಡು, ಯಾರದರೆ ಮೊಣಕೈ ಬಡದೀತು ಅಂತ ಜೀವಾ ಕೈಯಾಗ ಹಿಡಕೊಂಡು ಕೂತಿದ್ದೆ.

ಅವ್ವ ಅಡಗಿಮನ್ಯಾಗ ಬೆಳ್ಳೊಳ್ಳಿ ಸುಲೀಲಿಕತ್ತಿದ್ಲು. ನಾ ಕ್ಯಾಮೆರಾ ಹೊರಗ ತಗದಿದ್ದಷ್ಟೇ, "ತಡೀ ತಡೀ" ಅಂತ ಎದ್ದಳು. ಹಲ್ಲಿನ ಸೆಟ್ ಹಾಕ್ಕೊಂಡ್ಲು, ಸೆರಗು ಸರಿ ಮಾಡ್ಕೊಂಡ್ಲು, ಪಡಸಾಲ್ಯಾಗ ಕುರ್ಚಿ ಮ್ಯಾಲೆ ಕೂತು ಎರಡೂ ಕೈ ಮೊಣಕಾಲ ಮ್ಯಾಲೆ ಇಟಗೊಂಡ್ಲು. ನಾ ಆಟೋದಾಗ ಇಟ್ಟಿದ್ದೆ. ಬಟನ್ ಒತ್ತಿದ್ರ ಫ್ಲ್ಯಾಶ್ ತಾನೇ ಎದ್ದು ಫಳ್ ಅಂತ ಹೊಡೀತು. ಅವ್ವಗ ಎರಡೂ ಕಣ್ಣಿಂದು ಪೊರಿ ತಗಸೇದ. "ಕಣ್ಣಾಗ ಮಿಂಚ ಹೊಡದಂಗ ಆತಲ್ಲ ತಂಗಿ" ಅಂದ್ಲು. ಕಣ್ಣು ಮುಚ್ಚಿದ ಎಂಟನೇ ಫೋಟೋ ಆತು.

ಫ್ಲ್ಯಾಶ್ ಬಂದ್ ಮಾಡಬಹುದು ಅಂತ ನನಗ ಆಮ್ಯಾಲೆ ಗೊತ್ತಾತು. ಅದು ನನ್ನ ತಪ್ಪು, ಕ್ಯಾಮೆರಾದ್ದಲ್ಲ. ಬಂದ್ ಮಾಡಿ, ಐಎಸ್ಓ ಏರಿಸಿ ಮತ್ತ ತಗದೆ. ಫೋಟೋ ಸ್ವಚ್ಛ ಬಂದ್ವು. ಆದ್ರ ಎಸ್‌ಎಲ್‌ಆರ್ ಒಳಗ ಒಂದು ಕನ್ನಡಿ ಇರ್ತದ. ಬಟನ್ ಒತ್ತಿದ ಕೂಡ್ಲೆ ಅದು ಮ್ಯಾಲೆ ಎದ್ದು ಕೆಳಗ ಬೀಳ್ತದ, ಖಟ್ ಅಂತ ಸಪ್ಪಳಾಗ್ತದ. ಒಂದೊಂದು ಖಟ್‌ಗೂ ಅವ್ವ ಬೆಚ್ಚಿ ಬೆನ್ನು ನೆಟ್ಟಗ ಮಾಡೋಕಿ. ನಾ ಮಾರಿ ಮುಂದ ಆ ಕರೀ ಡಬ್ಬಿ ಹಿಡದ್ರ ಆಕಿಗೆ ನನ್ನ ಮಾರೀನೇ ಕಾಣತಿರಲಿಲ್ಲ. ಮಗಳ ಮಾರಿ ಕಾಣಲಿಲ್ಲಂದ್ರ ಯಾರಿಗೆ ನಗೋದು?

ಊರಿಗೆ ಬಂದು ನಮ್ಮನಿಯವರ ಮುಂದ ಹೇಳಿದೆ, ನಾನೇ ಒಂದು ಸಣ್ಣ ಕ್ಯಾಮೆರಾ ತೊಗೋತೇನಿ ಅಂತ. "ತೊಗೊಳೋದಿದ್ರ ದೊಡ್ಡದೇ ತೊಗೋ, ಕೊರಳಾಗ ಹಾಕ್ಕೊಂಡ್ರ ನಾಕು ಮಂದಿ ನೋಡತಾರರೆ" ಅಂದ್ರು. ರವಿವಾರ ಮಗ ಫೋನ್ ಮಾಡಿದಾಗ ಅವನೂ ಅದನ್ನೇ ಅಂದ. "ಅಮ್ಮಾ, ಸಣ್ಣ ಕ್ಯಾಮೆರಾದಾಗ ಕತ್ತಲಿದ್ರ ಫೋಟೋ ಛಲೋ ಬರೂದಿಲ್ಲ, ಸೆನ್ಸರ್ ಸಣ್ಣದಿರ್ತದ" ಅಂದ. ಹಂಗಂದ್ರೇನು ಹೇಳು ಅಂತ ಹಟಾ ಹಿಡದೆ. ಅವ ಹೇಳ್ಕೋತ ಹೋದ, ನಾ ಹಾಲಿನ ಲೆಕ್ಕದ ವಹ್ಯಾಗ ಬರಕೋತ ಹೋದೆ. ನನಗ ತಿಳದಂಗ ನಿಮಗ ಹೇಳ್ತೀನಿ, ನೋಡ್ರಿ.

ಸೆನ್ಸರ್ ಅಂದ್ರ ಮಳ್ಯಾಗ ಇಟ್ಟ ಪರಾತ ಇದ್ದಂಗ. ಬೆಳಕಂದ್ರ ಮಳಿ. ಪರಾತ ದೊಡ್ಡದಿದ್ರ ನೀರು ಹೆಚ್ಚು ಬೀಳ್ತದ, ವಾಟಗಾ ಇಟ್ರ ಕಮ್ಮಿ. ಸಾದಾ ಸಣ್ಣ ಕ್ಯಾಮೆರಾದ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ, ನಾಕೂವರಿ ಎತ್ತರ. ಹೆಸರುಕಾಳಿನಷ್ಟು ಅನ್ರಿ. ಅದಕ್ಕೇ ಕತ್ತಲದಾಗ ಫೋಟೋ ರವಾ ಚೆಲ್ಲಿದಂಗ ಬರ್ತದ. ಮೈದುನನವರ ಡಿ3100ದು 23 ಅಗಲ, 15 ಎತ್ತರ. ಇವೆರಡರ ನಡುವ ಇನ್ನೊಂದು ಜಾತಿ ಅದ. ನೋಡಲಿಕ್ಕೆ ಸಣ್ಣವು, ಆದ್ರ ಲೆನ್ಸು ಸೆನ್ಸರು ಎರಡೂ ಸಾದಾದ್ದಕ್ಕಿಂತ ದೊಡ್ಡವು, ಎಸ್‌ಎಲ್‌ಆರಿನಂಗ ಎಲ್ಲಾ ನಮ್ಮ ಕೈಲೇ ತಿರುವಿ ಇಡಬಹುದು. ಕ್ಯಾನನ್ ಜಿ15, ಪ್ಯಾನಾಸೋನಿಕ್ ಲೂಮಿಕ್ಸ್ ಎಲ್‌ಎಕ್ಸ್7, ಸೋನಿ ಆರ್‌ಎಕ್ಸ್100, ಮೂರೂ 2012ರಾಗ ಬಂದವು. ಜಿ15, ಎಲ್‌ಎಕ್ಸ್7 ಸೆನ್ಸರ್ ಸುಮಾರು ಏಳೂವರಿ ಅಗಲ, ಐದೂವರಿ ಎತ್ತರ. ಸೋನಿದು 13.2 ಅಗಲ, 8.8 ಎತ್ತರ. ಅಗಲಕ್ಕ ಎತ್ತರ ಗುಣಸಿದ್ರ ಸೋನಿ ಪರಾತ ಆ ಎರಡಕ್ಕಿಂತ ಎರಡೂವರಿ ಪಟ್ಟಿಗೂ ಮ್ಯಾಲೆ ದೊಡ್ಡದು. ಮೈದುನನವರದು ಅದಕ್ಕೂ ಮೂರು ಪಟ್ಟು ದೊಡ್ಡದು.

ಅಂದ್ರ ಎಸ್‌ಎಲ್‌ಆರೇ ಗೆದ್ದಂಗಾತು ಅಂತೀರಿ. ತಡೀರಿ. ಎರಡನೇದು ಲೆನ್ಸು. ಅದರ ಮ್ಯಾಲೆ ಎಫ್ ನಂಬರ್ ಬರದಿರ್ತದ. ಅದು ನಮ್ಮ ಅಡಗಿಮನಿ ಬೆಳಕಿಂಡಿ ಇದ್ದಂಗ, ನಂಬರ್ ಸಣ್ಣದಿದ್ದಷ್ಟೂ ಕಿಂಡಿ ದೊಡ್ಡದು. ಕಿಂಡಿ ಅಗಲಾನೂ ಎರಡು ಪಟ್ಟು, ಉದ್ದಾನೂ ಎರಡು ಪಟ್ಟು ಮಾಡಿದ್ರ ಬೆಳಕು ನಾಕು ಪಟ್ಟು ಬರ್ತದಲ್ಲಾ, ಹಂಗೇ ಎಫ್ ನಂಬರ್ ಅರ್ಧ ಆದ್ರ ಬೆಳಕು ನಾಕು ಪಟ್ಟು. ಮೈದುನನವರ ಕ್ಯಾಮೆರಾದ ಜೋಡಿ ಬಂದ ಲೆನ್ಸು ಎಫ್ 3.5. ಸೋನಿದು ಎಫ್ 1.8, ಹತ್ರ ಹತ್ರ ಅರ್ಧ. ಪರಾತ ಮೂರು ಪಟ್ಟು ಸಣ್ಣದು, ಆದ್ರ ಕಿಂಡಿ ನಾಕು ಪಟ್ಟು ಬೆಳಕು ಬಿಡ್ತದ. ಅಲ್ಲಿಗೆ ಲೆಕ್ಕ ಸಮಾ ಆತು!

ಮಗ ಒಂದು ಗಳಿಗಿ ಸುಮ್ನಾದ. ಆಮ್ಯಾಲೆ, "ಎಸ್‌ಎಲ್‌ಆರಿಗೆ 50 ಎಂಎಂ ಎಫ್ 1.8 ಲೆನ್ಸು ಹಾಕಿದ್ರ ಅದೇ ಗೆಲ್ತದ ಅಮ್ಮಾ" ಅಂದ. ಖರೇ ಅದ, ಸುಳ್ಳಲ್ಲ. ಆದ್ರ ಆ ಲೆನ್ಸು ಡಿ3100ರಂಥಾ ಕ್ಯಾಮೆರಾಕ್ಕ ಹಾಕಿದ್ರ 75 ಎಂಎಂ ಇದ್ದಂಗ ಆಗ್ತದಂತ, ಅಂದ್ರ ಎಲ್ಲಾ ಹತ್ರ ಕಾಣ್ತದ. ಮಂದಿ ಪೂರ್ತಿ ಬರಬೇಕಂದ್ರ ನಾವು ಹಿಂದ ಸರೀಬೇಕು. ಅವ್ವನ ಅಡಗಿಮನ್ಯಾಗ ಹಿಂದ ಸರದ್ರ ನನ್ನ ಬೆನ್ನಿಗೆ ಒಲಿ ಬಡೀತದ! ಸೋನಿ 28 ಎಂಎಂದಿಂದ ಶುರು ಆಗ್ತದ. ಎದುರು ಕೂತ್ರ ಅವ್ವನೂ ಬರ್ತಾಳ, ಆಕಿ ಮುಂದಿನ ಹರಿವಾಣಾನೂ ಬರ್ತದ, ಹಿಂದಿನ ದೇವರ ಮಾಡಾನೂ ಬರ್ತದ.

ಇನ್ನ ಅಂಗಡಿ ಕಥಿ. ನಾವಿಬ್ಬರೂ ಹುಬ್ಬಳ್ಳಿಗೆ ಹೋದ್ವಿ. ಅಂಗಡಿ ಹುಡುಗ ನಮ್ಮನಿಯವರನ್ನ ನೋಡಿ, "ಮೇಡಮ್ಮಾರಿಗೆ ಅಂದ್ರ ಆಟೋಮ್ಯಾಟಿಕ್ ಸಾಕ್ರೀ ಸರ್, ಗುಲಾಬಿ ಬಣ್ಣದ್ದೂ ಅದ" ಅಂದ. 16 ಮೆಗಾಪಿಕ್ಸೆಲ್, 10 ಪಟ್ಟು ಝೂಮ್ ಅಂತ ಹೇಳ್ಕೋತ ಒಂದು ಗುಲಾಬಿ ಡಬ್ಬಿ ತಗದಿಟ್ಟ. ನಾ ಹಾಲಿನ ವಹಿ ಬಿಚ್ಚಿ ಕೇಳಿದೆ, "ತಮ್ಮಾ, ಇದರ ಸೆನ್ಸರ್ ಎಷ್ಟು ಮಿಲಿಮೀಟರ್? ಪೂರ್ತಿ ಝೂಮ್ ಮಾಡಿದ ಮ್ಯಾಲೆ ಎಫ್ ಎಷ್ಟಾಗ್ತದ?" ಹುಡುಗ ನಮ್ಮನಿಯವರನ್ನ ನೋಡಿದ. ನಮ್ಮನಿಯವರು ಫ್ಯಾನ್ ನೋಡಿದ್ರು. ಆಮ್ಯಾಲೆ ಒಳಗಿಂದ ಮಾಲಕರು ಬಂದು, ಗಾಜಿನ ಕಪಾಟದ ಕೀಲಿ ತಗದು ನಾ ಕೇಳಿದ ಮೂರೂ ಮುಂದ ಇಟ್ರು.

ನಾ ಒಂದೊಂದನ್ನೂ ಕೌಂಟರಿನ ಕೆಳಗ ಕತ್ತಲದಾಗ ಹಿಡದು, ಅಲ್ಲಿಟ್ಟಿದ್ದ ಚಾದ ಕಪ್ಪಿನ ಫೋಟೋ ಫ್ಲ್ಯಾಶ್ ಇಲ್ಲದ ತಗದೆ. ಜಿ15 ಕೈಯಾಗ ಹಿಡೀಲಿಕ್ಕೆ ಭಾಳ ಛಲೋ ಅನಸ್ತು, ಕಣ್ಣಿಟ್ಟು ನೋಡೋ ಸಣ್ಣ ಕಿಂಡೀನೂ ಅದ, ಆದ್ರ 350 ಗ್ರಾಮ್ ಭಾರ, ದಪ್ಪನೂ ಹೌದು. ಎಲ್‌ಎಕ್ಸ್7 ಲೆನ್ಸು ಎಲ್ಲಾದ್ರಾಗ ದೊಡ್ಡದು, ಎಫ್ 1.4. ಪೂರ್ತಿ ಝೂಮ್ ಮಾಡಿದ್ರೂ 2.3ಕ್ಕ ನಿಲ್ತದ. ಸೋನಿ ಹಂಗಲ್ಲ. ಝೂಮ್ ಮಾಡ್ಕೋತ ಹೋದಂಗ 1.8 ಇದ್ದದ್ದು 4.9 ಆಗಿಬಿಡ್ತದ, ಅಲ್ಲಿ ಎಲ್‌ಎಕ್ಸ್7ನೇ ಮುಂದ. ಡಬ್ಬಿ ಮ್ಯಾಲೆ "1.8" ಅಂತ ಒಂದೇ ಹೇಳಿ ಮಾರ್ತಾರ, ನೀವು ಎರಡನೇ ನಂಬರನ್ನೂ ಕೇಳ್ರಿ. ನಾ ಝೂಮ್ ಮಾಡಾಕಿ ಅಲ್ಲ, ಎದುರು ಕೂತು ತಗ್ಯಾಕಿ. ಅದಕ್ಕ ಸೋನಿ ಆರಿಸಿದೆ. ಬ್ಯಾಟರಿ ಹಿಡದು 240 ಗ್ರಾಮ್, ಪಾವ ಕಿಲೋಕ್ಕೂ ಸ್ವಲ್ಪ ಕಮ್ಮಿ.

ರೇಟು ಸಾದಾ ಎಸ್‌ಎಲ್‌ಆರಿನ ಹತ್ರ ಹತ್ರನೇ ಇತ್ತು, ವೈನಿ ಹೇಳಿದ್ದು ಖರೇನೇ. ನಮ್ಮ ಭಿಶಿಯಾಗ ಈ ಸಲ ನನ್ನ ನಂಬರ್ ಹತ್ತಿತ್ತು, 15 ಮಂದೀದು ತಲಾ 2 ಸಾವಿರ. ಮ್ಯಾಲೆ ಬಿದ್ದದ್ದಕ್ಕ ದಸರಾ ಸೀರಿ ಬ್ಯಾಡಂದೆ. ಮೂವತ್ತು ವರ್ಷದ ಸಂಸಾರದಾಗ ಆ ರೊಕ್ಕ ಫ್ರಿಜ್ಜಿಗೆ, ಮಗನ ಫೀಗೆ, ಬೀಗರ ಆಹೇರಿಗೆ ಹೋಗೇದ. ನನಗಂತನೇ ತೊಗೊಂಡದ್ದು ಇದೇ ಮೊದಲು. ಬಿಲ್ಲಿನ ಮ್ಯಾಲೆ ಯಾರ ಹೆಸರು ಅಂತ ಮಾಲಕರು ಕೇಳಿದಾಗ ನಮ್ಮನಿಯವರು ನನ್ನ ಹೆಸರು ಹೇಳಿದ್ರು. ಅಷ್ಟು ಹೇಳ್ತೀನಿ ಅವರ ಬಗ್ಗೆ, ಪಾಪ.

ನವರಾತ್ರಿಗೆ ಅವ್ವನ ಮನಿಗೆ ಹೋದೆ. ಹೋಗೋಕಿಂತ ಮೊದಲು ಮೂರು ಕೆಲಸಾ ಮಾಡಿದ್ದೆ. ಒಂದು, ಫ್ಲ್ಯಾಶ್ ಬಂದ್. ಎರಡು, ಪೀಂ ಪೀಂ ಅನ್ನೋ ಸಪ್ಪಳಾನೂ ಬಂದ್. ಮೂರು, ಕತ್ತಲದಾಗ ಫೋಕಸ್ ಹಿಡೀಲಿಕ್ಕೆ ಮುಂದ ಒಂದು ಕೇಸರಿ ಲೈಟ್ ಹತ್ತತದ, ಅದೂ ಬಂದ್. ಈ ಮೂರೂ ಮೆನೂದಾಗ ಅವ. ಹೊಸಾ ಕ್ಯಾಮೆರಾ ತಂದವರು ಮನ್ಯಾಗಿನ ಹಿರೇರ ಫೋಟೋ ತಗಿಯೋಕಿಂತ ಮೊದಲು ಇಷ್ಟು ಮಾಡ್ರಿ.

ಮೊದಲ ಎರಡು ದಿನಾ ಕ್ಯಾಮೆರಾ ಸುಮ್ನ ಅಡಗಿಮನಿ ಹಲಗಿ ಮ್ಯಾಲೆ, ಚಾಪುಡಿ ಡಬ್ಬಿ ಬಾಜೂಕ ಇಟ್ಟಿದ್ದೆ. ಅವ್ವ ಒಮ್ಮೆ "ಇದೇನು, ರೇಡಿಯೋ?" ಅಂತ ಕೇಳಿದ್ಲು. ಹೂಂ ಅಂದೆ. ಮೂರನೇ ದಿನಾ ಹನ್ನೊಂದರ ಸುಮಾರು, ಬೆಳಕಿಂಡಿ ಬಿಸಲು ದೇವರ ಮನಿ ಹೊಸ್ತಿಲ ತನಕಾ ಬಂದಿತ್ತು. ಅವ್ವ ಗ್ವಾಡಿಗೆ ಆತು ಕೂತು, ಬೆರಳು ಹಾಲಿನ್ಯಾಗ ಎದ್ದಿಕೊಂಡು ಹೂಬತ್ತಿ ಹೊಸೀಲಿಕತ್ತಿದ್ಲು. ಹಲ್ಲಿನ ಸೆಟ್ ಇರಲಿಲ್ಲ, ಸೆರಗು ಹೆಗಲಿಂದ ಜಾರಿತ್ತು. ತಮ್ಮನ ಹೆಂಡತಿ ಹೋಳಗಿಗೆ ಬೆಲ್ಲ ಹೆಚ್ಚು ಹಾಕ್ಯಾಳಂತ ನನ್ನ ಮುಂದ ಚಾಡಿ ಹೇಳ್ಕೋತ ಕೂತಿದ್ಲು. ನಾ ಎದುರಿಗೆ ಕೂತು, ಕ್ಯಾಮೆರಾ ರವಾ ಡಬ್ಬಿ ಮ್ಯಾಲೆ ಊರಿ, ಆಕಿ ಮಾರಿ ನೋಡ್ಕೋತ "ಹೌದಾ? ಹೌದಾ?" ಅನಕೋತನೇ ಒತ್ತಕೋತ ಹೋದೆ. ಎಫ್ 1.8, ಐಎಸ್ಓ 800. ಒಟ್ಟು 26 ತಗದೆ, ಒಂಬತ್ತು ಅಲಗಾಡಿ ಹೋಗಿದ್ವು. ಒಂದಕ್ಕೂ ಅವ್ವ ಬೆಚ್ಚಲಿಲ್ಲ, ಯಾಕಂದ್ರ ಆಕಿಗೆ ಗೊತ್ತೇ ಆಗಲಿಲ್ಲ.

ಮುಚ್ಚಿ ಇಡೋದು ಸರಿ ಅಲ್ಲಂತ ಊಟ ಆದ ಮ್ಯಾಲೆ ತೋರಿಸಿದೆ. ಬೈತಾಳ ಅನಕೊಂಡಿದ್ದೆ. ಚಷ್ಮಾ ಹಾಕ್ಕೊಂಡು ಆ ಸಣ್ಣ ಸ್ಕ್ರೀನ್ ಭಾಳ ಹೊತ್ತು ನೋಡಿದ್ಲು. ಆಮ್ಯಾಲೆ, "ಇಕಿ ನಮ್ಮ ಅವ್ವ ಇದ್ದಂಗ ಇದ್ದಾಳಲ್ಲ" ಅಂದ್ಲು.

ನಮ್ಮ ಅಜ್ಜಿ ತೀರಿಕೊಂಡಾಗ ಅವ್ವಗ 19. ಅಜ್ಜೀದು ಒಂದೂ ಫೋಟೋ ಇಲ್ಲ. ಆ ಮನ್ಯಾಗ ಹೆಣ್ಣುಮಕ್ಕಳ ಫೋಟೋ ಯಾರು ತಗಸ್ತಿದ್ರು? "ನಮ್ಮ ಅವ್ವನೂ ಬತ್ತಿ ಹೊಸಿಯೋ ಮುಂದ ಹಿಂಗೇ ಕುತ್ತಿಗಿ ಬಗ್ಗಿಸಿ ಕೆಳಗಿನ ತುಟಿ ಒಳಗ ಎಳಕೋತಿದ್ಲು. ನಾನೂ ಹಂಗ ಮಾಡ್ತೇನೇನು?" ಅಂತ ಕೇಳಿದ್ಲು. ಐವತ್ತು ವರ್ಷದಿಂದ ನೋಡ್ಲಿಕತ್ತೇನಿ, ಹೌದು, ಮಾಡ್ತಾಳ. ನನಗ ಅದು ಅಜ್ಜೀದು ಅಂತ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಇಬ್ಬರೂ ಮಲಗಲಿಲ್ಲ. ಅಜ್ಜಿ ಹೆಂಗ ನಡೀತಿದ್ಲು, ಯಾವ ಹಾಡು ಹಾಡತಿದ್ಲು, ಯಾರಿಗೆ ಅಂಜತಿದ್ಲು, ನಾ ಎಂದೂ ಕೇಳದ ಮಾತು ಎಲ್ಲಾ ಬಂದ್ವು.

ಇಷ್ಟು ಹೊಗಳಿದೆ ಅಂತ ನಾಳೆ ಹೋಗಿ ತರಬ್ಯಾಡ್ರಿ. ಇದರಾಗ ಕಮ್ಮೀನೂ ಅವ. ಕಣ್ಣಿಟ್ಟು ನೋಡೋ ಕಿಂಡಿ ಇಲ್ಲ, ಬಿಸಲಾಗ ಸ್ಕ್ರೀನ್ ಕಾಣೂದಿಲ್ಲ. ತಮ್ಮನ ಹೊಲಕ್ಕ ಹೋದಾಗ ಸೆರಗು ತಲಿ ಮ್ಯಾಲೆ ಹೊತಗೊಂಡು ನೋಡಬೇಕಾತು. ಬ್ಯಾಟರಿಗೆ ಬ್ಯಾರೆ ಚಾರ್ಜರ್ ಕೊಟ್ಟಿಲ್ಲ, ಕ್ಯಾಮೆರಾಕ್ಕೇ ವಾಯರ್ ಚುಚ್ಚಬೇಕು. ಕರೆಂಟ್ ಹೋಗೋ ಊರಾಗ ಅದು ತ್ರಾಸೇ. ಮೈ ನುಣುಪು, ಎಣ್ಣಿ ಕೈಯಾಗ ಜಾರ್ತದ. ನಮ್ಮ ನಾದಿನಿ ಮಗಳ ಭರತನಾಟ್ಯ ಇತ್ತು, ಹಿಂದಿನ ಸಾಲಿನ್ಯಾಗ ಕೂತು ತಗದ್ರ ಆ ಹುಡುಗಿ ಕಡ್ಲಿಕಾಳಿನಷ್ಟು ಬಂದ್ಲು, ಅದೂ ಮಸಕು. ಅಲ್ಲಿ ಮೈದುನನವರ ಎಸ್‌ಎಲ್‌ಆರೇ ಬೇಕು, ಉದ್ದನ ಲೆನ್ಸು ಹಾಕಿ. ಓಡೋ ಮಕ್ಕಳು, ಹಕ್ಕಿ, ದೂರದ ಸ್ಟೇಜು, ಇವು ನಿಮ್ಮ ಫೋಟೋ ಆಗಿದ್ರ ಭಾರ ಹೊರೋದು ತಪ್ಪೂದಿಲ್ಲ.

ಅದಕ್ಕ ವೈನಿ, ಅಂಗಡಿಗೆ ಹೋಗೋಕಿಂತ ಮೊದಲು ಮನ್ಯಾಗ ಕೂತು ಇಷ್ಟು ಬರಕೋರಿ: ಯಾರ ಫೋಟೋ ತಗೀತೀರಿ, ಎಷ್ಟು ದೂರದಿಂದ, ಎಂಥಾ ಬೆಳಕಿನ್ಯಾಗ, ಕ್ಯಾಮೆರಾ ಕಂಡ್ರ ಅವರು ಹೆಂಗ ಆಗ್ತಾರ. ಮಂದಿ ಮೊದಲ ಮೂರು ಕೇಳ್ತಾರ, ನಾಕನೇದ್ದು ಯಾರೂ ಕೇಳೂದಿಲ್ಲ. ನನಗ ಬೆಳಕಿನ ಲೆಕ್ಕದಾಗ ಎರಡೂ ಕ್ಯಾಮೆರಾ ಸಮಾ ಆಗಿದ್ವು, ಈ ನಾಕನೇದ್ದರ ಮ್ಯಾಲೇ ನಿರ್ಧಾರ ಆಗಿದ್ದು. ಬೇಕಿದ್ರ ಮನಿಗೆ ಬರ್ರಿ, ನಂದೂ ಮೈದುನನವರದೂ ಎರಡೂ ಕೈಯಾಗ ಹಿಡದು ನೋಡ್ರಿ, ಚಾನೂ ಕುಡದಂಗಾಗ್ತದ.

ದೀಪಾವಳಿಗೆ ಆ ಬತ್ತಿ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅವ್ವಗ ಒಯ್ದು ಕೊಟ್ಟೆ. ತಮ್ಮ ಮಳಿ ಬಡದು ಪಡಸಾಲಿ ಗ್ವಾಡಿಗೆ ಹಾಕಲಿಕ್ಕೆ ಹೊಂಟಿದ್ದ. ಅವ್ವ ಬ್ಯಾಡಂದ್ಲು. "ಗ್ವಾಡಿಗೆ ಹಾಕ್ಲಿಕ್ಕೆ ಬ್ಯಾರೆ ತಗೀರಿ. ಇಳಕಲ್ ಸೀರಿ ಉಟ್ಕೋತೀನಿ, ಹಲ್ಲೂ ಹಾಕ್ಕೋತೀನಿ. ಮುಂದ ಹಾರ ಹಾಕೋ ಫೋಟೋ ನೆಟ್ಟಗ ಇರಬೇಕು" ಅಂದ್ಲು. ತಮ್ಮ ಸುಮ್ನ ಮಳಿ ಕೆಳಗಿಟ್ಟ.

ಬತ್ತಿ ಫೋಟೋ ಆಕಿ ತನ್ನ ಟ್ರಂಕಿನ್ಯಾಗ, ಮಡಿಸೀರಿ ನಡುವ ಇಟಗೊಂಡಾಳ. ಕೇಳಿದವರಿಗೆ ತಗದು ತೋರಸ್ತಾಳಂತ. ಯಾರದು ಅಂದ್ರ, ಒಮ್ಮೆ ನಂದು ಅಂತಾಳ, ಒಮ್ಮೆ ನಮ್ಮ ಅವ್ವಂದು ಅಂತಾಳ.